ಮಾತಾಡುತ್ತಾ ಮಾಡಿದ ಚಿಗರಿ ಬೇಟೆ

ಅರಣ್ಯ ಇಲಾಖೆಯವರ ಫೋನ್ ಬಂತೆಂದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಭಯ. ಅವತ್ತು ಬ್ಯಾಡಗಿಯ ಪಶು ಆಸ್ಪತ್ರೆಯ ಅಂಗಳದಲ್ಲಿ ಒಂದು ಎಮ್ಮೆಯ ಹೊರಬಿದ್ದ ಗರ್ಭಕೋಶವನ್ನು ಒಳಗೆ ಸೇರಿಸುತ್ತಿದ್ದೆ. ಎರಡೂ ಕೈ ಮೊಣಕೈಯವರೆಗೆ ಕೆಲಸದಲ್ಲಿದ್ದವು. ಫೋನು ಮೂರು ಸಲ ಹೊಡೆದುಕೊಂಡಿತು. ನಾಲ್ಕನೇ ಸಲಕ್ಕೆ ಎಮ್ಮೆಯ ಯಜಮಾನನೇ ಅದನ್ನು ಎತ್ತಿ ನನ್ನ ಕಿವಿಗೆ ಹಿಡಿದ.

ಆ ಕಡೆ ರಾಣೆಬೆನ್ನೂರಿನ ವಲಯ ಅರಣ್ಯಾಧಿಕಾರಿ. "ಮೇಡಂ, ಒಂದು ಗಂಡು ಚಿಗರಿ ಕೊಂಬಿಗೆ ನೈಲಾನ್ ಬಲಿ ಸುತಗೊಂಡೈತ್ರಿ. ಬಾಯಿನೂ ಬಿಗದು ಬಿಟ್ಟೈತಿ. ಮೂರು ದಿನಾ ಆತು, ಅದಕ್ಕ ಮೇಯಾಕ ಆಗವಲ್ದು. ನೀವ ಬರಬೇಕ್ರಿ."

ಪುಸ್ತಕದಲ್ಲಿ ಕೃಷ್ಣಮೃಗ ಎಂದು ಬರೆಯುವುದನ್ನೇ ನಮ್ಮ ಕಡೆ ಚಿಗರಿ ಎನ್ನುತ್ತೇವೆ. ಕಾಡುಪ್ರಾಣಿಗೆ ದೂರದಿಂದ ಅರಿವಳಿಕೆಯ ಸೂಜಿ ಹೊಡೆಯುವ ತರಬೇತಿ ಪಡೆದ ಪಶುವೈದ್ಯರು ನಮ್ಮ ಸುತ್ತಮುತ್ತ ಹೆಚ್ಚಿಲ್ಲ. ನಾನೊಬ್ಬಳು ಸಿಕ್ಕಿಬಿದ್ದಿದ್ದೇನೆ. ಆ ತರಬೇತಿಗೆ ಯಾಕಾದರೂ ಹೋದೆನೋ ಎಂದು ಅಂದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಭಯಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಇಂಥದ್ದೇ ಒಂದು ಗಂಡು ಚಿಗರಿಯನ್ನು ಜೀಪಿನಲ್ಲಿ ಅಟ್ಟಿಸಿಕೊಂಡು ಹೋಗಿ, ಅದು ದಣಿದು ನಿಂತಾಗ ಸೂಜಿ ಹೊಡೆದಿದ್ದೆ. ಕಾಲಿಗೆ ಸುತ್ತಿದ ತಂತಿ ತೆಗೆದೆವು. ಎದ್ದು ನಡೆದು ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಹಲ್ಲು ಕಿಸಿದು ಫೋಟೊಗೆ ನಿಂತೆ. ಮರುದಿನ ಸಂಜೆ ಅದು ಸತ್ತಿತು. ಮರಣೋತ್ತರ ಪರೀಕ್ಷೆಯನ್ನೂ ನಾನೇ ಮಾಡಬೇಕಾಯಿತು. ತೊಡೆಯ ಸ್ನಾಯುಗಳು ಬೇಯಿಸಿದ ಮಾಂಸದಂತೆ ಬಿಳಚಿಕೊಂಡಿದ್ದವು. ಚಿಗರಿ ಹೆದರಿ ಓಡಿದರೆ ಅದರ ಮೈಯೇ ಅದಕ್ಕೆ ವಿಷವಾಗುತ್ತದೆ. ಸೂಜಿಯಿಂದ ಸಾಯುವುದು ಕಡಿಮೆ, ಓಟದಿಂದ ಸಾಯುವುದು ಹೆಚ್ಚು. ಅದು ಓದಿನಲ್ಲಿ ನನಗೆ ಗೊತ್ತೇ ಇತ್ತು. ಆದರೂ ಅವತ್ತು ಜೀಪು ಹತ್ತಿದ್ದೆ.

ಹಾವೇರಿಯ ಕಚೇರಿಯಿಂದ ಸೂಜಿ ಬಂದೂಕು ಬಂತು, ಮೇಲಿನವರ ಅನುಮತಿಯೂ ಬಂತು. ಮರುದಿನ ಬೆಳಿಗ್ಗೆ ಆರಕ್ಕೆ ಅಭಯಾರಣ್ಯದ ಅಂಚಿನಲ್ಲಿ ನಿಂತಿದ್ದೆ. ಅಭಯಾರಣ್ಯ ಎಂದರೆ ದಟ್ಟ ಕಾಡು ಎಂದುಕೊಂಡು ಬಂದವರು ಇಲ್ಲಿ ಪೆಚ್ಚಾಗುತ್ತಾರೆ. ನೀಲಗಿರಿ ತೋಪು, ಜಾಲಿ ಕಂಟಿ, ಒಣಹುಲ್ಲು, ಬಿರುಕು ಬಿಟ್ಟ ಎರೆಮಣ್ಣು, ಅದರಾಚೆ ರೈತರ ಹೊಲಗಳು. ಶಿವರಾತ್ರಿ ಹತ್ತಿರವಾಗಿತ್ತು. ಎಂಟೂವರೆ ದಾಟಿತೆಂದರೆ ನೆಲದಿಂದ ಬಿಸಿ ಏಳುತ್ತಿತ್ತು. ಆ ಬಿಸಿಯಲ್ಲಿ ಅರಿವಳಿಕೆ ಕೊಟ್ಟರೆ ಪ್ರಾಣಿಯ ಮೈ ಕಾದು ಹೋಗುತ್ತದೆ. ಹಾಗಾಗಿ ನಮಗೆ ದಿನಕ್ಕೆ ಸಿಗುವ ವೇಳೆ ಎರಡೂವರೆ ಗಂಟೆ ಮಾತ್ರ.

ನನಗೆ ದಾರಿ ತೋರಿಸಲು ಬಂದವರು ಇಲಾಖೆಯ ಹಳೆಯ ವಾಚರ್. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ, ಫೋನ್ ಮಾಡಿದ್ದ ವಲಯ ಅರಣ್ಯಾಧಿಕಾರಿ ಸಾಹೇಬರೂ ಸೇರಿ. ಮೂವತ್ತು ವರ್ಷ ಆ ಬಯಲನ್ನು ಕಾಲಲ್ಲಿ ಅಳೆದ ಮನುಷ್ಯ. ಚಹಾದ ಲೋಟ ನನ್ನ ಕೈಗೆ ಕೊಡುತ್ತಾ ಅಂದರು, "ನಮ್ಮ ಅಜ್ಜಾರು ಆಗಿನ ದೊಡ್ಡ ಮಂದೀನ ಇಲ್ಲೇ ಶಿಕಾರಿಗೆ ಕರಕೊಂಡು ಹೋಗತಿದ್ರ್ರಿ ಅಕ್ಕಾರ. ಹೊಡ್ಯಾಕ. ನಾ ಉಳಸಾಕ ಕರಕೊಂಡು ಹೊಂಟೇನಿ. ಹಾದಿ ಮಾತ್ರ ಅದ ಹಾದಿ."

ದುರ್ಬೀನಿನಲ್ಲಿ ಅದನ್ನು ಕಂಡೆ. ಕಪ್ಪು ಮೈಯ ದೊಡ್ಡ ಗಂಡು. ಹೊಲಕ್ಕೆ ಬೇಲಿಯಾಗಿ ಕಟ್ಟುವ ನೀಲಿ ನೈಲಾನ್ ಬಲೆ ಎರಡೂ ಕೊಂಬಿಗೆ ಸುತ್ತಿ, ಮೂತಿಯ ಮೇಲೆ ಇಳಿದು, ದವಡೆಯ ಕೆಳಗೆ ಗಂಟಾಗಿತ್ತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಹಿಂಡಿನ ಉಳಿದವು ಮೇಯುತ್ತಿದ್ದವು. ಇದು ತಲೆ ತಗ್ಗಿಸುವುದು, ಹುಲ್ಲಿಗೆ ಮೂತಿ ಉಜ್ಜುವುದು, ಮತ್ತೆ ತಲೆ ಎತ್ತುವುದು. ಪಕ್ಕೆಲುಬು ಎಣಿಸಬಹುದಿತ್ತು. ನೀರಷ್ಟೇ ಅದಕ್ಕೆ ಸಿಗುತ್ತಿದ್ದುದು. ಇನ್ನು ಮೂರು ದಿನ, ಬಹಳವೆಂದರೆ ನಾಲ್ಕು ದಿನ ಬದುಕೀತು ಎಂದು ಅಂದಾಜು ಮಾಡಿದೆ.

ನನ್ನ ಬಂದೂಕು ನೆಚ್ಚಿಕೊಳ್ಳಬಹುದಾದ ದೂರ ಮೂವತ್ತೈದು ಮೀಟರ್. ನಾವು ಇನ್ನೂರು ಮೀಟರ್ ಹತ್ತಿರ ಹೋಗುವಷ್ಟರಲ್ಲಿ ಹಿಂಡು ಪುಟಿದು ಓಡಿತು. ಮತ್ತೆ ಸುತ್ತಿ ಹೋದೆವು, ಮತ್ತೆ ಓಡಿತು. ಮೂರನೇ ಸಲ ನಾನು ಚಾಚಾ ಅವರ ತೋಳು ಹಿಡಿದು ನಿಲ್ಲಿಸಿದೆ.

ಸಾಹೇಬರು ಜೀಪಿನಿಂದ ಇಳಿದರು. "ಮೇಡಂ, ಎರಡು ಜೀಪು ಹಾಕಿ ಆ ಕಡೆ ಈ ಕಡೆ ಒತ್ತಿದ್ರ ಹತ್ತು ನಿಮಿಷದ ಕೆಲಸ."

"ಜೀಪು ಹಾಕಿದ್ರ ನಾ ಮನಿಗೆ ಹೋಗತೇನ್ರಿ," ಎಂದೆ.

"ಹಂಗಂದ್ರ ಹೆಂಗ್ರಿ? ಹಸದು ಸತ್ತರ?"

"ಅಟ್ಟಿಸಿಕೊಂಡು ಹೋಗಿ ಒಂದನ್ನ ಕೊಂದೇನಿ. ಎರಡನೇದ್ದು ಬ್ಯಾಡ."

ಸಾಹೇಬರು ಕೆಟ್ಟವರಲ್ಲ. ಮುಖ ಊದಿಸಿಕೊಂಡರು, ಆದರೆ ಜೀಪಿನ ಕೀಲಿ ಜೇಬಿಗೆ ಹಾಕಿಕೊಂಡರು. ಅವತ್ತಿನ ಕೆಲಸ ಅಲ್ಲಿಗೇ ಮುಗಿಯಿತು.

ಆ ಸಂಜೆ ಚಾಚಾ ಒಂದು ಉಪಾಯ ಹೇಳಿದರು, ಅವರ ಅಜ್ಜನ ಕಾಲದ್ದು. ಚಿಗರಿ ಮನುಷ್ಯನಿಗೆ ಹೆದರುತ್ತದೆ, ಎತ್ತಿಗೆ ಹೆದರುವುದಿಲ್ಲ. ಎತ್ತಿನ ಮಗ್ಗುಲಲ್ಲಿ ಬಗ್ಗಿ ನಡೆಯಬೇಕು. ನೇರ ಹೋಗಬಾರದು, ಪಕ್ಕಕ್ಕೆ ಹಾಯ್ದು ಹೋಗುವವರಂತೆ ಸುತ್ತುತ್ತಾ ಹತ್ತಿರವಾಗಬೇಕು. ನನಗೆ ಹಿಡಿಸಿತು. ಒಂದು ಸಮಾಧಾನದ ಎತ್ತು ತರಿಸಿ ಎಂದೆ.

ತೊಡಕಾದದ್ದು ಅಲ್ಲೇ. ಅಭಯಾರಣ್ಯದ ಪಕ್ಕದ ಊರಿನಲ್ಲಿ ಈಗ ಉಳುವ ಎತ್ತೇ ಇಲ್ಲ, ಎಲ್ಲ ಟ್ರ್ಯಾಕ್ಟರ್. ಇರುವುದೆಲ್ಲ ಹೋರಿಗಳು, ಅವೂ ದೀಪಾವಳಿಯಿಂದಾಚೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗೆಂದೇ ಸಾಕಿದವು. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಬಿಟ್ಟರೆ, ಸಿಳ್ಳೆ ಕೂಗಿನ ನಡುವೆ ಯಾರ ಕೈಗೂ ಸಿಗದಂತೆ ಓಡುವುದೇ ಅವುಗಳ ವಿದ್ಯೆ. ಇದನ್ನು ಯಾರೂ ನನಗೆ ಹೇಳಲಿಲ್ಲ. ಇದೇ ಸೀಮೆಯ ಕರ್ಜಗಿಯಲ್ಲಿ, ಹೋರಿಗಳ ನಡುವೆಯೇ ಹುಟ್ಟಿ ಬೆಳೆದ ನಾನು ಕೇಳಲೂ ಇಲ್ಲ. ಎರಡನೇ ದಿನ ಬೆಳಿಗ್ಗೆ ಒಬ್ಬ ರೈತ, ಸರ್ಕಾರದ ಕೆಲಸಕ್ಕೆ ಎರಡನೇ ದರ್ಜೆಯದ್ದನ್ನು ಕೊಡುವುದು ಹೇಗೆ ಎಂದು ಊರಿಗೇ ಹೆಸರು ತಂದ ಹೋರಿಯನ್ನು ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ ಹಿಡಿದುಕೊಂಡು ಬಂದಿದ್ದ.

"ಬಾಳ ಶಾಣ್ಯಾ ಐತ್ರಿ ಅಕ್ಕಾರ, ಸಣ್ಣ ಹುಡುಗರೂ ಹಿಡೀತಾರ," ಅಂದ.

ಖರೇನೇ ಶಾಣ್ಯಾ ಇತ್ತು. ಚಾಚಾ ಹಗ್ಗ ಹಿಡಿದರು. ನಾನು ಅದರ ಹೊಟ್ಟೆಗೆ ಒರಗಿದಂತೆ ಬಗ್ಗಿ ನಡೆದೆ. ಬೆನ್ನು ಮುರಿದು ಹೋಗುವಂಥ ನಡಿಗೆ. ಅರ್ಧ ಗಂಟೆಯಲ್ಲಿ ಸುತ್ತುತ್ತಾ ಸುತ್ತುತ್ತಾ ಅರವತ್ತು ಮೀಟರ್ ಹತ್ತಿರ ಬಂದೆವು. ಹಿಂಡು ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿತು. ಇನ್ನು ಸ್ವಲ್ಪ ಹೋದರೆ ಸಾಕು, ಬಂದೂಕಿನಲ್ಲಿ ಗಾಳಿ ತುಂಬಿಟ್ಟುಕೊಳ್ಳೋಣ ಎಂದು ಸಿಲಿಂಡರಿನ ಗುಂಡಿ ಒತ್ತಿದೆ. ಸುಂಯ್ ಎಂದು ಸಣ್ಣ ಸಿಳ್ಳೆಯಂಥ ಸದ್ದು ಬಂತು.

ಹೋರಿಗೆ ಅಷ್ಟೇ ಸಾಕಾಯಿತು. ಕಿವಿ ನೆಟ್ಟಗಾದವು, ಬಾಲ ಮೇಲೆದ್ದಿತು, ಚಾಚಾ ಅವರ ಕೈಯಿಂದ ಹಗ್ಗ ಹಾರಿತು. ನಾನು ಅಂಗಾತ ಬಿದ್ದೆ. ಎದ್ದು ನೋಡುವಾಗ ಹೋರಿ ಬಯಲಿನ ನಡುವೆ ಧೂಳೆಬ್ಬಿಸಿ ಓಡುತ್ತಿತ್ತು, ಚಿಗರಿಗಳು ಇನ್ನೊಂದು ದಿಕ್ಕಿಗೆ ಪುಟಿಯುತ್ತಿದ್ದವು. ಹಿಂದಿನಿಂದ ಅದರ ಯಜಮಾನ ಏದುಸಿರು ಬಿಡುತ್ತಾ ಬಂದ. ಬೈಯೋಣ ಎಂದು ಬಾಯಿ ತೆರೆದೆ. ಅವನ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

"ನೋಡಿದ್ರೇನ್ರಿ ಅಕ್ಕಾರ, ಹೆಂಗ ಕಿತ್ತು ಹೋತು?"

ನಗಬೇಕೋ ಅಳಬೇಕೋ ತಿಳಿಯದೆ ನೆಲದ ಮೇಲೆ ಕುಳಿತುಬಿಟ್ಟೆ. ಕಣ್ಣಲ್ಲಿ ನೀರು ಬಂದದ್ದು ಧೂಳಿನಿಂದ ಎಂದು ಚಾಚಾ ಅವರಿಗೆ ಹೇಳಿದೆ. ಅದು ಸುಳ್ಳು. ಬಲೆ ಬಿಗಿದ ಆ ಪ್ರಾಣಿ ಬೇರೆಯವುಗಳ ಹಿಂದೆ ಎಡವುತ್ತಾ ಓಡಿದ್ದನ್ನು ನೋಡಿದ್ದೆ. ಮೊದಲ ದಿನಕ್ಕಿಂತ ನಿಧಾನವಾಗಿತ್ತು.

ಜೀಪಿನ ಬಳಿ ಬಂದಾಗ ಅಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್. ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹೆಣ್ಣಾಳುಗಳ ಮುಂದಾಳು. ನಮ್ಮ ಹೋರಿ ಪ್ರಸಂಗವನ್ನು ಅವರೆಲ್ಲ ಸಾಲಾಗಿ ನಿಂತು ನೋಡಿದ್ದರಂತೆ. ಸೆರಗು ಬಾಯಿಗೆ ಹಿಡಿದು ನಗು ತಡೆದುಕೊಂಡು ಅವಳು ಹೇಳಿದಳು, "ನೀವು ಎತ್ತಿನ ಮರ್ಯಾಗ ಅಡಗಿ ಅಡಗಿ ಹೊಂಟೀರಿ. ಅದು ದಿನಾ ಮುಂಜಾನೆ ನಮ್ಮ ಮುಂದಿಂದನ ಹೊಂಡಕ್ಕ ನೀರ ಕುಡ್ಯಾಕ ಹೋಗತೈತ್ರಿ. ಇಲ್ಲಿಂದ ಆ ಜಾಲಿ ಗಿಡದಷ್ಟ ದೂರ."

ಜಾಲಿ ಗಿಡ ಮೂವತ್ತು ಮೀಟರ್ ಕೂಡ ಇರಲಿಲ್ಲ.

ಚಾಚಾ ಒಪ್ಪಲಿಲ್ಲ. ಖಾಕಿ ಕಂಡರೆ ಓಡುವ ಪ್ರಾಣಿ ಇಷ್ಟು ಮಂದಿಯ ಮುಂದೆ ಹಾಯುವುದಿಲ್ಲ, ಇವಳು ಬೇರೆ ಹಿಂಡು ನೋಡಿರಬೇಕು ಎಂದರು. ಮುಂದಾಳು ಸಿಟ್ಟಾಗಲಿಲ್ಲ. "ಹದಿನೈದು ದಿನಾ ಆತ್ರಿ ನಾವು ಇಲ್ಲಿ ಬರಾಕತ್ತು. ಮೊದಲು ಓಡತಿದ್ದುವು. ಈಗ ನಾವಂದ್ರ ಅವಕ್ಕ ಲೆಕ್ಕಕ್ಕ ಇಲ್ಲ."

ಚಾಚಾ ಜಾಲಿ ಗಿಡದವರೆಗೆ ಹೋಗಿ ಗೊರಸಿನ ಗುರುತು ನೋಡಿ ಬಂದರು. ಕೊನೆಗೆ ಅಂದರು, "ಮೂವತ್ತು ವರ್ಷ ನಾ ಚಿಗರಿ ನೋಡೇನ್ರಿ ಅಕ್ಕಾರ. ಚಿಗರಿ ಯಾರನ್ನ ನೋಡತೈತಿ ಅನ್ನೋದನ್ನ ನೋಡಿಲ್ಲ. ಇಕಿ ಹೇಳಿದಂಗ ಮಾಡ್ರಿ."

ಮೂರನೇ ದಿನ ನಾನು ಇಲಾಖೆಯ ಜಾಕೀಟು ತೆಗೆದಿಟ್ಟು ಮುಂದಾಳುವಿನ ಗಂಡನ ಅಂಗಿ ತೊಟ್ಟೆ. ಖಾರದ ಘಾಟಿಗೆ ಸೀನು ಬರಬಾರದೆಂದು ಟವೆಲ್ಲನ್ನು ಮೂಗಿನವರೆಗೆ ಕಟ್ಟಿಕೊಂಡೆ. ಸಾಹೇಬರು, ಜೀಪು, ಖಾಕಿ ಎಲ್ಲವೂ ಅರ್ಧ ಕಿಲೋಮೀಟರ್ ಹಿಂದೆ. ಚಾಚಾ ಬದುವಿನಾಚೆ ಅಡಗಿ ಮಲಗಿದ್ದರು. ಬಂದೂಕಿಗೆ ಗಾಳಿಯನ್ನು ಜೀಪಿನ ಬಳಿಯೇ ತುಂಬಿಸಿಕೊಂಡಿದ್ದೆ, ಆ ಪಾಠ ಕಲಿತಾಗಿತ್ತು. ಮೈತೂಕ ಮೂವತ್ತು ಕೆಜಿ ಎಂದು ಹಿಡಿದು, ನಿತ್ರಾಣವಾಗಿದೆ ಎಂದು ಅದರಲ್ಲೂ ಸ್ವಲ್ಪ ಕಡಿಮೆ ಮಾಡಿ ಔಷಧಿ ತುಂಬಿದ್ದೆ. ಬಂದೂಕು ಗೋಣಿಚೀಲದೊಳಗೆ, ಚೀಲ ಗಿಡದ ಬುಡದಲ್ಲಿ. ಹನ್ನೆರಡು ಜನ ಸಾಲು ಹಿಡಿದು ಬಗ್ಗಿದೆವು. ಹೊಲದ ಕೊನೆಯ ಸಾಲು ನಮ್ಮದು, ಅದರ ಮುಂದೆ ಬೀಳು ನೆಲ, ಅದರಾಚೆ ಹೊಂಡ.

ಏಳೂ ಕಾಲಿಗೆ ಹಿಂಡು ಬಂತು. ಮೊದಲು ಹೆಣ್ಣುಗಳು, ಹಿಂದೆ ತಲೆ ಜೋತು ಹಾಕಿದ ಆ ಗಂಡು.

ಹೆಂಗಸರು ಪಾಪ, ಒಳ್ಳೆಯದು ಮಾಡಲೆಂದೇ ತಪ್ಪು ಮಾಡಿದರು. ಡಾಕ್ಟರ್ ಅಕ್ಕಾರ ಕೆಲಸ ಕೆಡಬಾರದೆಂದು ಹನ್ನೊಂದು ಜನರೂ ಒಮ್ಮೆಗೇ ಬಾಯಿ ಮುಚ್ಚಿದರು. ಉಸಿರು ಕೂಡ ಕೇಳದಷ್ಟು ಮೌನ. ನಾನು ಮನಸ್ಸಿನಲ್ಲೇ ಅವರನ್ನು ಹೊಗಳಿದೆ. ಬೇಟೆ ಎಂದರೆ ಮೌನ ಎಂದು ನನಗೂ ತರಬೇತಿಯಲ್ಲಿ ಕಲಿಸಿದ್ದರು. ಎಂಬತ್ತು ಮೀಟರಿನಲ್ಲಿ ಮುಂದಿನ ಹೆಣ್ಣು ಚಿಗರಿ ನಿಂತಿತು. ತಲೆ ಎತ್ತಿ ನಮ್ಮನ್ನೇ ನೋಡಿತು. ಇಡೀ ಹಿಂಡು ನಿಂತಿತು. ಒಂದು ಗೊರಸು ನೆಲ ಬಡಿಯಿತು. ಆ ಬಡಿತದ ಮುಂದೆ ಏನಾಗುತ್ತದೆ ಎಂದು ನನಗೆ ಎರಡು ದಿನದಿಂದ ಗೊತ್ತಿತ್ತು.

ಪಕ್ಕದಲ್ಲಿದ್ದ ಮುಂದಾಳು ತಲೆ ಎತ್ತದೆ ಗೊಣಗಿದಳು, "ಮಾತಾಡಬೇಕ್ರಿ. ನಾವು ಎಂದರ ಸುಮ್ಮ ಇರತೇವೇನು? ಸುಮ್ಮ ಕುಂತಿದ್ದಕ್ಕ ಅದಕ್ಕ ಸಂಶೇ ಬಂದೈತಿ."

ಕಲಿತದ್ದನ್ನು ನಂಬಬೇಕೋ ಇವಳನ್ನು ನಂಬಬೇಕೋ. ಯೋಚಿಸಲು ಹೊತ್ತಿರಲಿಲ್ಲ. "ಮಾತಾಡು," ಎಂದೆ.

ಅವಳು ದನಿ ಏರಿಸಿದಳು. ಹೊಲದಾಚೆಗೂ ಕೇಳುವ ದನಿ. "ಅಕ್ಕಾರ, ನಿಮ್ಮ ಮನ್ಯಾಗ ಅಡಗಿ ಯಾರು ಮಾಡತಾರ್ರಿ?"

ನಾನು ಕಕ್ಕಾಬಿಕ್ಕಿಯಾದೆ. "ನಮ್ಮ ಯಜಮಾನ್ರು," ಎಂದೆ. ಅದು ನಿಜ. ಅವರು ಶಾಲೆ ಮಾಸ್ತರು, ನನಗಿಂತ ಬೇಗ ಮನೆಗೆ ಬರುತ್ತಾರೆ.

ಸಾಲಿನ ಆ ಕೊನೆಯವರೆಗೂ ನಗು ಹರಿಯಿತು. "ರೊಟ್ಟಿನೂ ಬಡೀತಾರೇನ್ರಿ?"

"ಬಡೀತಾರ. ಇವತ್ತಿನ ತನಕಾ ಒಂದೂ ದುಂಡಗ ಬಂದಿಲ್ಲ."

"ಮತ್ತ ನೀವು ಏನ ಅಂತೀರಿ?"

"ಛಲೋ ಆಗೈತಿ ಅಂತೇನಿ. ಇಲ್ಲಂದ್ರ ನಾಳಿಂದ ನಾನ ಬಡೀಬೇಕಲ್ಲ."

ಮತ್ತೆ ನಗು. ಒಬ್ಬಳು ತನ್ನ ಗಂಡನಿಗೆ ಚಹಾ ಕಾಸಲೂ ಬಾರದೆಂದಳು, ಇನ್ನೊಬ್ಬಳು ತನ್ನವನನ್ನು ಮಾರಿಬಿಡುತ್ತೇನೆಂದಳು. ಬಗ್ಗಿದಲ್ಲಿಂದಲೇ ಓರೆಗಣ್ಣಿನಲ್ಲಿ ನೋಡಿದೆ. ಮುಂದಿನ ಹೆಣ್ಣು ಚಿಗರಿ ತಲೆ ತಗ್ಗಿಸಿತ್ತು. ಹಿಂಡು ನಡೆಯತೊಡಗಿತು. ಅರವತ್ತು, ಐವತ್ತು, ನಲವತ್ತು. ಇಷ್ಟು ಗದ್ದಲದಲ್ಲಿ ಯಾವ ಭಯವೂ ಇಲ್ಲವೆಂದು ಅವಕ್ಕೆ ಖಾತ್ರಿಯಾದಂತಿತ್ತು. ನಾನು ರೊಟ್ಟಿಯ ಪುರಾಣ ಹೇಳುತ್ತಲೇ ಚೀಲದೊಳಗಿಂದ ಬಂದೂಕು ಎಳೆದೆ. ಮೊಣಕಾಲೂರಿ ಗಿಡದ ಮೇಲೆ ನಳಿಗೆ ಇಟ್ಟೆ. ಗಂಡು ಚಿಗರಿ ಬೀಳಿನ ಆ ಜಾಲಿಯ ಪಕ್ಕ, ಮೂವತ್ತು ಮೀಟರಿಗೆ ಬಂದು ಅಡ್ಡ ನಿಂತಿತು. ಹಿಂತೊಡೆಯ ಮಾಂಸದ ಭಾಗ ಪೂರ್ತಿ ನನ್ನ ಕಡೆಗಿತ್ತು.

"ಒಮ್ಮೆ ಅಂತೂ ಹೊತ್ತಿಸಿಬಿಟ್ಟಿದ್ರು ನೋಡು," ಎನ್ನುತ್ತಾ ಬಂದೂಕಿನ ಕುದುರೆ ಒತ್ತಿದೆ.

ಪಟ್ ಎಂದು ಸದ್ದು. ಸೂಜಿ ತೊಡೆಯಲ್ಲಿ ನಿಂತಿತು. ಚಿಗರಿ ಒಮ್ಮೆ ಪುಟಿದು, ಇಪ್ಪತ್ತು ಹೆಜ್ಜೆ ಓಡಿ, ತಿರುಗಿ ನೋಡಿತು. ಯಾವುದು ಕಚ್ಚಿತೆಂದು ಅದಕ್ಕೆ ತಿಳಿಯಲಿಲ್ಲ. ಕಣ್ಣೆದುರು ಇದ್ದದ್ದು ಹರಟುವ ಹೆಂಗಸರು ಮಾತ್ರ.

"ನಿಲ್ಲಸಬ್ಯಾಡ್ರಿ, ಮಾತಾಡ್ರಿ," ಎಂದೆ. ಮಾತಾಡಿದರು. ಮಾತಿಗೆ ತಲೆಬುಡ ಇರಲಿಲ್ಲ, ಆದರೂ ಮಾತಾಡಿದರು. ಆರು ನಿಮಿಷಕ್ಕೆ ಅದರ ಹಿಂಗಾಲು ತೂರಾಡಿತು. ಎಂಟಕ್ಕೆ ಮೊಣಕಾಲೂರಿತು. ಒಂಬತ್ತಕ್ಕೆ ಮಲಗಿತು. ಓಡಿರಲಿಲ್ಲ. ಅದು ಓಡಿರಲಿಲ್ಲ ಎಂಬುದನ್ನು ನನ್ನೊಳಗೆ ನಾನೇ ಎರಡು ಸಲ ಹೇಳಿಕೊಂಡೆ.

ಮುಂದಿನ ಕೆಲಸಕ್ಕೆ ಮೌನ ಬೇಕಿತ್ತು. ನಾನು, ಚಾಚಾ, ಮುಂದಾಳು ಮೂವರೇ ಹೋದೆವು. ಅವಳ ತಲೆಯ ಟವೆಲ್ ಚಿಗರಿಯ ಕಣ್ಣಿಗೆ ಕಟ್ಟಿದೆ. ಎದೆ ನೆಲಕ್ಕೆ ತಾಗುವಂತೆ ಕೂರಿಸಿ, ಕುತ್ತಿಗೆ ಎತ್ತಿ, ಮೂತಿ ಕೆಳಗೆ ಮಾಡಿ ಹಿಡಿಯಲು ಚಾಚಾ ಅವರಿಗೆ ತೋರಿಸಿದೆ. ಇಲ್ಲದಿದ್ದರೆ ಹೊಟ್ಟೆಯ ನೀರು ಶ್ವಾಸಕೋಶಕ್ಕೆ ನುಗ್ಗುತ್ತದೆ. ಜ್ವರ ನೋಡಿದರೆ ಸ್ವಲ್ಪ ಏರಿತ್ತು. ಹೆಂಗಸರು ಕುಡಿಯಲು ತಂದ ಕೊಡದ ನೀರನ್ನು ತೊಡೆಯ ಸಂದಿಗೆ, ಹೊಟ್ಟೆಗೆ ಸುರಿಸಿದೆ. ಕತ್ತರಿಯಿಂದ ಮೂತಿಯ ಮೇಲಿನ ಬಲೆ ಬಿಡಿಸಿದೆ. ಕೊಂಬಿನ ಬುಡದಲ್ಲಿ ಹುರಿಯಾಗಿ ಬಿಗಿದ ಭಾಗಕ್ಕೆ ಕತ್ತರಿ ಮೊಂಡಾಯಿತು. ಮುಂದಾಳು ಎಲೆ ಅಡಿಕೆಯ ಚೀಲದಿಂದ ಅಡಕೊತ್ತು ತೆಗೆದು ಕೊಟ್ಟಳು. ಅಡಿಕೆ ಒಡೆಯುವ ಆ ಪುಟ್ಟ ಉಪಕರಣ ನೈಲಾನ್ ಹುರಿಯನ್ನು ಕಟಕಟ ಕತ್ತರಿಸಿತು. ದವಡೆಯ ಕೆಳಗೆ ಚರ್ಮ ಸೀಳಿ ಕೀವಾಗಿತ್ತು. ತೊಳೆದು, ನೇರಳೆ ಬಣ್ಣದ ಔಷಧಿ ಸಿಂಪಡಿಸಿದೆ. ಸ್ನಾಯುಗಳಿಗೆ ಬಲ ಬರಲು ಒಂದು ಚುಚ್ಚುಮದ್ದು, ರಕ್ತನಾಳಕ್ಕೆ ಒಂದು ಬಾಟಲಿ ಗ್ಲೂಕೋಸ್. ಅಷ್ಟೂ ಹೊತ್ತು ಚಾಚಾ ಅದರ ಉಸಿರು ಎಣಿಸುತ್ತಿದ್ದರು.

ಕೊನೆಗೆ ಎಚ್ಚರವಾಗುವ ಔಷಧಿ ಕೊಟ್ಟು, ಟವೆಲ್ ಬಿಚ್ಚಿ, ಮೂವರೂ ಹಿಂದೆ ಸರಿದೆವು. ಕಿವಿ ಅಲುಗಿತು. ತಲೆ ಎದ್ದಿತು. ಎರಡು ನಿಮಿಷಕ್ಕೆ ಎದ್ದು ನಿಂತು, ಒಮ್ಮೆ ತೂರಾಡಿ, ಬಾಯಿ ಅಗಲವಾಗಿ ತೆರೆದು ಮುಚ್ಚಿತು. ಆಮೇಲೆ ನಡೆಯುತ್ತಾ, ಓಡದೆ, ಹಿಂಡು ಹೋದ ಕಡೆ ಹೋಯಿತು. ಸಾಹೇಬರು ಫೋಟೊ ತೆಗೆಯೋಣ ಎಂದರು. ನಾಲ್ಕು ದಿನ ಕಳೆಯಲಿ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಯಾಕೆ ಎಂಬುದು ಅವರಿಗೂ ಗೊತ್ತಿತ್ತು.

ಆ ನಾಲ್ಕು ದಿನ ನಾನು ಮನೆಯಲ್ಲಿ ಮನುಷ್ಯರಂತೆ ಇರಲಿಲ್ಲ. ಚಾಚಾ ಮೊದಲ ಸಂಜೆ ಫೋನ್ ಮಾಡಿ ಅದು ಹಿಂಡಿನ ಜೊತೆ ನಿಂತಿದೆ ಎಂದರು. ನಿಂತದ್ದು ನನಗೆ ಸಮಾಧಾನ ತರಲಿಲ್ಲ, ಹಿಂದಿನದ್ದೂ ನಿಂತಿತ್ತು. ಎರಡನೇ ದಿನ ಅದು ಕಾಣಿಸಲಿಲ್ಲ. ಮೂರನೇ ದಿನವೂ ಇಲ್ಲ. ಹದ್ದು ಹಾರುತ್ತಿವೆಯಾ ಎಂದು ಕೇಳಿದೆ. "ಇಲ್ರಿ ಅಕ್ಕಾರ. ಆದ್ರ ನಾ ಎಲ್ಲಾ ಕಡೆ ನೋಡಾಕ ಆಗಿಲ್ಲ," ಎಂದರು. ಮಾಸ್ತರು ಬಡಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ನಾಲ್ಕನೇ ದಿನ ಮುಂಜಾನೆ ಮರಣೋತ್ತರ ಪರೀಕ್ಷೆಯ ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟು ರಾಣೆಬೆನ್ನೂರಿನ ಕಡೆ ಹೊರಟೆ. ಕಾಗಿನೆಲೆ ಬಸ್ಸಿನ ಹಿಂದೆ ಸಿಕ್ಕಿಹಾಕಿಕೊಂಡಿದ್ದಾಗ ಫೋನು ಬಂತು. ಮೆಣಸಿನಕಾಯಿ ಹೊಲದ ಮುಂದಾಳು. ಗಾಡಿ ಬದಿಗೆ ಹಾಕಿದೆ.

"ಅಕ್ಕಾರ, ನಿಮ್ಮ ಮ್ಯಾಲ ಒಂದು ತಕರಾರು ಐತ್ರಿ," ಅಂದಳು. "ನಮ್ಮ ಮೈದುನ ತಡಾ ಮಾಡಿ ಕಡ್ಲಿ ಹಾಕಿದ್ದ. ರಾತ್ರಿ ಚಿಗರಿ ಹೊಕ್ಕು ಒಂದು ಮೂಲಿ ಬೋಳು ಮಾಡ್ಯಾವು. ಮುಂಜಾನಿ ಹೋಗಿ ನೋಡಿದ್ರ ಒಂದು ಗಂಡು ಇನ್ನೂ ಅಲ್ಲೇ ಮೇಯಾಕತ್ತಿತ್ತು. ಓಡಿಸಿದ್ರೂ ಹೋಗವಲ್ದು. ಗದ್ದಕ್ಕ ನೇರಳಿ ಬಣ್ಣ. ಅವಾ ಬಾಯಿ ಬಾಯಿ ಬಡಕೊಳ್ಳಾಕತ್ತಾನ, ನೀವ ಬಂದು ಸಮಾಧಾನ ಮಾಡ್ರಿ."

ಸ್ಟೇರಿಂಗಿಗೆ ಹಣೆ ಹಚ್ಚಿದೆ. ಅಳು ಬಂತು, ತಡೆಯಲಿಲ್ಲ.

"ಎಷ್ಟು ಮೇದೈತವ್ವಾ?" ಎಂದು ಕೇಳಿದೆ.

"ಹೊಟ್ಟಿ ತುಂಬ್ರಿ," ಅಂದಳು.